ಕಪ್ಪದ ಮಾತು ಉಳೀತು, ವಾರಸಾದ ಮಾತು ಹೋಯ್ತು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ಯಾವುದೇ ಶಾಲೆಯ ಗ್ಯಾದರಿಂಗ್‌ಗೆ ಹೋಗಿ. ಇಳಕಲ್ ಸೀರೆ ಉಟ್ಟ ಒಬ್ಬ ಹುಡುಗಿ ರಟ್ಟಿನ ಕತ್ತಿ ಹಿಡಿದು, ನಿಮಗೆ ಕಪ್ಪ ಯಾಕೆ ಕೊಡಬೇಕು ಅಂತ ಥ್ಯಾಕರೆಯನ್ನ ತರಾಟೆಗೆ ತಗೊಳ್ತಿರ್ತಾಳೆ. ಈ ಮಾತನ್ನ ಮನೆಮನೆಗೆ ಮುಟ್ಟಿಸಿದ್ದು ಬಿ.ಆರ್. ಪಂತುಲು ಅವರ 1961ರ ಚಿತ್ರ 'ಕಿತ್ತೂರು ಚೆನ್ನಮ್ಮ', ಅದರಲ್ಲೂ ಬಿ. ಸರೋಜಾದೇವಿಯವರ ಕಂಠ. ಆ ದೃಶ್ಯ ನೋಡಿದಾಗ ನನಗೆ ಈಗಲೂ ಮೈ ಜುಂ ಅನ್ನುತ್ತೆ. ನನ್ನ ತಕರಾರು ಒಂದೇ: ಆ ಒಂದು ಡೈಲಾಗು ಇಡೀ ಕಥೆಯನ್ನ ನುಂಗಿಬಿಟ್ಟಿದೆ.

ಜಗಳ ಮೂಲದಲ್ಲಿ ಕಪ್ಪದ್ದಲ್ಲ. 1818ರ ನಂತರ ಕಂಪನಿಗೆ ವರ್ಷಾವರ್ಷಾ ಹಣ ಕೊಡೋಕೆ ಕಿತ್ತೂರು ಒಪ್ಪಿಕೊಂಡಿತ್ತು. 1824ರ ಸೆಪ್ಟೆಂಬರ್‌ನಲ್ಲಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪನನ್ನ ಅವನು ದತ್ತಕ ತಗೊಂಡಿದ್ದಾನೆ ಅಂತ ಕಿತ್ತೂರು ಹೇಳಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಪತ್ರದ ಸಹಿಯನ್ನೇ ನಂಬಲಿಲ್ಲ, ಕಂಪನಿಯ ಅಪ್ಪಣೆ ಇಲ್ಲದ ದತ್ತಕ ನಡೆಯಲ್ಲ ಅಂದ. ಡಾಲ್‌ಹೌಸಿ ಭಾರತಕ್ಕೆ ಬಂದು 'ದತ್ತುಪುತ್ರರಿಗೆ ಹಕ್ಕಿಲ್ಲ' ಅನ್ನೋ ನೀತಿಗೆ ಹೆಸರಾಗೋದು 1848ರ ನಂತರ. ನಮ್ಮೂರಿನ ಕಡೆ ಅದು 24 ವರ್ಷ ಮೊದಲೇ ಬಂದಿತ್ತು. ಅಕ್ಟೋಬರ್ 23ರಂದು ಥ್ಯಾಕರೆ ಸತ್ತ, ಡಿಸೆಂಬರ್‌ನಲ್ಲಿ ಕೋಟೆ ಬಿತ್ತು, ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಪ್ರಾಣ ಬಿಟ್ಟಳು.

ಅಂದ್ರೆ ಇದು ನಮ್ಮ ಭಾಷೆಯಲ್ಲಿ ವಾರಸಾದ ಜಗಳ. ಅಪ್ಪ ಸತ್ತಮೇಲೆ ಆಸ್ತಿ ಯಾರದು, ಅದನ್ನ ಹೇಳೋರು ಯಾರು? ದತ್ತಕದ ವಿಷಯ ಚಿತ್ರದಲ್ಲಿ ಇಲ್ಲ ಅಂತಲ್ಲ, ಆದರೆ ಅದು ಯಾರ ತಲೆಯಲ್ಲೂ ಉಳಿಯಲ್ಲ. ಕಪ್ಪ ಅಂದ್ರೆ ವೈರಿ ಹೊರಗಿನವ, ಚಪ್ಪಾಳೆ ಗ್ಯಾರಂಟಿ. ವಾರಸಾ ಅಂದ್ರೆ ಜಗಳ ಮನೆಯೊಳಗೆ ಬರುತ್ತೆ. ಅದಕ್ಕೆ ಚಪ್ಪಾಳೆ ಬೀಳಲ್ಲ.

ಚೆನ್ನಮ್ಮ ಯಾವುದಕ್ಕೆ ಸೋತಳೋ ಅದು 132 ವರ್ಷಗಳ ನಂತರ ಕಾಯ್ದೆ ಆಯ್ತು. 1956ರ ದತ್ತಕ ಕಾಯ್ದೆಯ ಪ್ರಕಾರ ದತ್ತು ಮಗು ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಸಮ. ಅದೇ ವರ್ಷ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆ ಲಿಂಗಾಯತರನ್ನ ಹೆಸರು ಹಿಡಿದೇ ಒಳಗೆ ತಗೊಂಡಿದೆ. ಅದರಲ್ಲಿ ಒಂದು ತಮಾಷೆ ನೋಡಿ: ನೀವು ಮದುವೆಯಾದ ಗಂಡಸಾಗಿದ್ದು, ವಿಲ್ ಬರೆಯದೆ ಹೋದ್ರೆ, ನಿಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ ಹೆಂಡತಿ, ಮಕ್ಕಳ ಜೊತೆ ಅವ್ವನಿಗೂ ಸಮಪಾಲು. ಅಪ್ಪ ಎರಡನೇ ವರ್ಗದ ವಾರಸುದಾರ. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಅವನಿಗೆ ಏನೂ ಇಲ್ಲ. ಹೊಲ ಮಾರಿ ಬಿಇ ಓದಿಸಿದ ಅಪ್ಪಂದಿರಿಗೆ ಇದು ಗೊತ್ತೇ ಇರಲ್ಲ. ಪರಿಹಾರ ಕಷ್ಟದ್ದೇನಲ್ಲ, ಇಬ್ಬರು ಸಾಕ್ಷಿಗಳ ಮುಂದೆ ಒಂದು ವಿಲ್.

ಹೆಣ್ಣುಮಕ್ಕಳ ಕಥೆ ಇನ್ನೂ ಕಹಿ. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ಹೇಳಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನ ಹೊರಗಿಟ್ಟಿತು. 2005ರ ತಿದ್ದುಪಡಿ ಆ ಬೇಲಿ ಕಿತ್ತಿತು. ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಆದರೂ ನಮ್ಮ ಕಡೆ ಉತಾರದಲ್ಲಿ ಹೆಸರು ಏರಿಸೋ ಹೊತ್ತಿಗೆ, "ತಂಗೀ, ತವರಮನಿ ಬೇಕಲ್ಲ? ಒಂದ್ ಸಹಿ ಹಾಕಿಬಿಡವಾ" ಅನ್ನೋ ಮಾತು ಬಂದೇ ಬರುತ್ತೆ. ಒಂದು ಸೀರೆ ಕೊಡ್ತಾರೆ, ಹಕ್ಕುಬಿಡುಗಡೆ ಪತ್ರ ತಯಾರು. ಆ ತಂಗಿ ಗ್ಯಾದರಿಂಗ್‌ನಲ್ಲಿ ಚೆನ್ನಮ್ಮ ಆದವಳೇ ಇರಬಹುದು!

ಪಂತುಲು ಅವರನ್ನ ಇದಕ್ಕೆ ಪೂರ್ತಿ ದೂರಲ್ಲ. ಅವರಿಗೆ ಬೇಕಿದ್ದು ಸ್ವಾತಂತ್ರ್ಯದ ಕಥೆ, ಅದನ್ನ ಅವರು ಚೆನ್ನಾಗೇ ಹೇಳಿದ್ದಾರೆ. ಆದರೆ ಅರವತ್ತು ವರ್ಷದಿಂದ ಅದೊಂದೇ ದೃಶ್ಯ ಆಡಿಸ್ತಾ ಇರೋರು ನಾವು. ಮುಂದಿನ ಸಲ ಆ ಹುಡುಗಿ ಕೈಗೆ ಕತ್ತಿ ಬೇಡ, ದತ್ತಕ ಪತ್ರ ಕೊಡಿ. ಸಹಿ ಯಾರದು, ಒಪ್ಪೋಕೆ ನೀನ್ಯಾರು ಅಂತ ಅವಳು ಕೇಳಲಿ. ಮುಂದಿನ ಸಾಲಿನಲ್ಲಿ ಕೂತ ಅಪ್ಪಂದಿರು, ಅಣ್ಣಂದಿರು ಆಗಲೂ ಚಪ್ಪಾಳೆ ಹೊಡೀತಾರಾ ನೋಡೋಣ.