ಕತ್ತು ತಿರುಗಿಸಿದರೆ ಸಾಕೇ?

ಮೊಬೈಲ್ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿಯನ್ನು ಮುಖಕ್ಕೆ ಕಟ್ಟಿಕೊಂಡು, ಹತ್ತು ನಿಮಿಷ ರೋಲರ್ ಕೋಸ್ಟರ್ ನೋಡಿ, ತಲೆ ತಿರುಗಿ, "ವಿಆರ್ ಅಂದ್ರೆ ಇಷ್ಟೇ ಕಣ್ರೀ" ಅಂತ ಷರಾ ಬರೆದವರಲ್ಲಿ ನಾನೂ ಒಬ್ಬ. ಆ ಷರಾ ವಾಪಸ್ ತಗೋತಿದ್ದೀನಿ.

ಗೂಗಲ್ 2014ರಲ್ಲಿ ತಂದ ಕಾರ್ಡ್‌ಬೋರ್ಡ್ ಜಾಣ ಉಪಾಯವೇ. ರಟ್ಟಿನ ಪೆಟ್ಟಿಗೆ, ಎರಡು ಭೂತಗನ್ನಡಿ, ಉಳಿದದ್ದು ಜೇಬಿನಲ್ಲಿರೋ ಫೋನು. ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ಚಂದಾದಾರರಿಗೆ ಇಂಥ ಹತ್ತು ಲಕ್ಷಕ್ಕೂ ಹೆಚ್ಚು ಪೆಟ್ಟಿಗೆ ಹಂಚಿತು. ಆದರೆ ಇದಕ್ಕೆ ಗೊತ್ತಾಗುವುದು ತಲೆ ಯಾವ ಕಡೆ ತಿರುಗಿತು ಅನ್ನೋದು ಮಾತ್ರ. ನೀವು ಮುಂದೆ ಬಾಗಿದರೆ ಅದಕ್ಕೆ ತಿಳಿಯೋದೇ ಇಲ್ಲ. ಇಡೀ ಲೋಕವೇ ಮೂಗಿಗೆ ಅಂಟಿಕೊಂಡ ಹಾಗೆ ಜೊತೆಗೇ ಬರುತ್ತೆ. ಮೈ ಒಂದು ಹೇಳುತ್ತೆ, ಕಣ್ಣು ಇನ್ನೊಂದು. ತಲೆ ಸುತ್ತದೆ ಇನ್ನೇನು?

2016ರಲ್ಲಿ ಬಂದ ವೈವ್‌ನ ಕಥೆಯೇ ಬೇರೆ. ಕೋಣೆಯ ಎರಡು ಮೂಲೆಗಳಲ್ಲಿ ಕೂತ ಪುಟ್ಟ ಪೆಟ್ಟಿಗೆಗಳು ಲೇಸರ್ ಬೀಸುತ್ತವೆ, ತಾನು ಎಲ್ಲಿದ್ದೇನೆ ಅಂತ ಹೆಡ್‌ಸೆಟ್ ಲೆಕ್ಕ ಹಾಕುತ್ತೆ. ಎದ್ದು ನಡೆಯಬಹುದು, ಕೂರಬಹುದು. ಆದರೆ ದುಬಾರಿ ಕಂಪ್ಯೂಟರ್ ಬೇಕು, ಜೊತೆಗೆ ಹಗ್ಗ ಕಟ್ಟಿದ ಕರುವಿನ ಹಾಗೆ ವೈರು ಎಳೆದಷ್ಟೇ ಓಡಾಟ.

ನನ್ನ ತಕರಾರು ವಿಮರ್ಶಕರ ಮೇಲೆ. ಫೋನಿನದು, ಕಂಪ್ಯೂಟರಿನದು, ಸ್ವತಂತ್ರವಾದದ್ದು ಅಂತ ಮೂರು ಗುಂಪು ಮಾಡಿ, ಬೆಲೆ ಹಾಕಿ ಮುಗಿಸಿಬಿಡುತ್ತಾರೆ. ಇದು ಯಂತ್ರದ ಶಕ್ತಿ ಎಲ್ಲಿಂದ ಬರುತ್ತೆ ಅನ್ನುವ ವಿಂಗಡಣೆ, ನೋಡುವವನಿಗೆ ಏನಾಗುತ್ತೆ ಅನ್ನುವುದಲ್ಲ. 2018ರ ಆಕ್ಯುಲಸ್ ಗೋ, 2019ರ ಕ್ವೆಸ್ಟ್ ಎರಡೂ ಸ್ವತಂತ್ರ, ಎರಡೂ ಒಂದೇ ಕಂಪನಿಯವು. ಗೋ ಮಾತ್ರ ಕತ್ತಿನ ತಿರುವನ್ನಷ್ಟೇ ಬಲ್ಲದು. ಕ್ವೆಸ್ಟ್‌ನ ಮುಖದಲ್ಲಿ ನಾಲ್ಕು ಕ್ಯಾಮೆರಾ ಇವೆ, ಇಟ್ಟ ಹೆಜ್ಜೆಯೂ ಅದಕ್ಕೆ ಗೊತ್ತು. ಇವೆರಡನ್ನೂ ಒಂದೇ ಸಾಲಿಗೆ ಹಾಕೋದು ಯಾವ ನ್ಯಾಯ?

ಹಾಗಂತ ಕ್ವೆಸ್ಟ್ ಎಲ್ಲಕ್ಕೂ ಮದ್ದಲ್ಲ. 360 ಡಿಗ್ರಿಯ ಸಾಧಾರಣ ವಿಡಿಯೋ ಅದರಲ್ಲೂ ಮೂಗಿಗೆ ಅಂಟಿಕೊಂಡೇ ಇರುತ್ತೆ, ಯಾಕಂದ್ರೆ ಶೂಟಿಂಗ್ ಮಾಡಿದ ಕ್ಯಾಮೆರಾ ನಿಂತಿದ್ದು ಒಂದೇ ಕಡೆ. ಬರೀ ಅಂಥದ್ದನ್ನೇ ಕೂತು ನೋಡುವವರಿಗೆ ಗೋ ಧಾರಾಳ ಸಾಕಿತ್ತು. ಇನ್ನು ಕಾಲು ಎತ್ತದೆ ಗುಂಡಿ ಒತ್ತಿ ಮುಂದೆ ಹೋಗುವ ಆಟ ಆಡಿದರೆ ಹಳೇ ತಲೆಸುತ್ತು ಕ್ವೆಸ್ಟ್‌ನಲ್ಲೂ ಹಾಜರ್.

ಅಂಗಡಿಯಲ್ಲಿ ಹಾಕಿಕೊಂಡಾಗ ಎದುರಿಗೆ ಕಾಣುವ ವಸ್ತುವಿನ ಹತ್ತಿರ ಬಾಗಿ ನೋಡಿ. ಅದು ದೊಡ್ಡದಾಗುತ್ತೋ, ಹಿಂದಕ್ಕೆ ಜಾರುತ್ತೋ? ನಾನು ಗೆಳೆಯನ ಮನೆಯಲ್ಲಿ ಕ್ವೆಸ್ಟ್ ಹಾಕಿಕೊಂಡು ಮೇಜಿನ ಕೆಳಗೇನಿದೆ ಅಂತ ಮಂಡಿಯೂರಿ ಇಣುಕಿದೆ. ಏಳುವಾಗ ಆಸರೆಗೆ ಅಂತ ಅದೇ ಮೇಜಿನ ಮೇಲೆ ಕೈ ಊರಲು ಹೋಗಿ ಬಿದ್ದೆ.