ಅರಿವಿನ ಅಲ್ಪಕುಂದಿನ ಪ್ರಭೇದಗಳೂ ಮಿದುಳಿನ ಅಮಿಲಾಯ್ಡ್ ಸಂಚಯವೂ

ಮುಪ್ಪಿನಲ್ಲಿ ಮರೆವು ಸಹಜವೆಂದು ಲೋಕವು ಬಗೆಯುವುದು. ನಿತ್ಯವ್ಯವಹಾರವೇ ಕೆಡುವಷ್ಟು ಅದು ಬೆಳೆದರೆ ರೋಗವೆನ್ನುವುದು. ಇವೆರಡರ ನಡುವಣ ಸ್ಥಿತಿಯೇ ಅರಿವಿನ ಅಲ್ಪಕುಂದು. ಪರೀಕ್ಷೆಯಲ್ಲಿ ಕುಂದು ಕಾಣುವುದಾದರೂ ಮನೆವಾರ್ತೆಯನ್ನು ನಡೆಸುವ ಶಕ್ತಿಯು ಉಳಿದಿರುವುದು. ಅಮೆರಿಕದ ಮೇಯೋ ವೈದ್ಯಾಲಯದ ಪೀಟರ್ಸನ್ ಮತ್ತು ಸಂಗಡಿಗರು 1999ರಲ್ಲಿ ಇದರ ಲಕ್ಷಣಗಳನ್ನು ನಿರೂಪಿಸಿದಾಗ ಸ್ಮೃತಿಯ ಕುಂದಿಗೇ ಪ್ರಾಧಾನ್ಯವಿದ್ದಿತು. 2004ರ ವೇಳೆಗೆ ಸ್ಮೃತಿಪ್ರಧಾನ, ಸ್ಮೃತೀತರ ಎಂಬ ಎರಡು ವರ್ಗಗಳೂ, ಒಂದೊಂದರಲ್ಲಿ ಏಕಮುಖ, ಬಹುಮುಖ ಎಂಬ ಒಳಭೇದಗಳೂ ಏರ್ಪಟ್ಟವು. ಸ್ಮೃತಿಪ್ರಧಾನವಾದುದು ಆಲ್ಜೈಮರ್ ರೋಗಕ್ಕೂ, ಸ್ಮೃತೀತರವಾದುದು ಬೇರೆ ರೋಗಗಳಿಗೂ ಹಾದಿಯೆಂಬ ನಿರೀಕ್ಷೆಯು ಈ ವಿಂಗಡಣೆಯ ಹಿಂದೆ ಇದ್ದಿತು. ಈ ನಿರೀಕ್ಷೆಯು ಎಷ್ಟರಮಟ್ಟಿಗೆ ನಿಜ ಎಂಬುದೇ ವಿಚಾರಾರ್ಹವಾದ ಸಂಗತಿ.

ಆಲ್ಜೈಮರನು 1906ರಲ್ಲಿ ವರ್ಣಿಸಿದ ಮಿದುಳಿನ ಗಸಿಗಳು ಬಹುಕಾಲ ಮರಣಾನಂತರದ ಪರೀಕ್ಷೆಗೆ ಮಾತ್ರ ಗೋಚರವಾಗಿದ್ದವು. ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನನ್ನು ಮಿದುಳಿನ ರಕ್ತನಾಳಗಳಿಂದ ಗ್ಲೆನ್ನರ್ ಮತ್ತು ವಾಂಗ್ ಎಂಬವರು 1984ರಲ್ಲಿ ಬೇರ್ಪಡಿಸಿದರು. 2004ರಲ್ಲಿ ಪಿಟ್ಸ್‌ಬರ್ಗಿನ ಕ್ಲಂಕ್, ಮ್ಯಾಥಿಸ್ ಮೊದಲಾದವರು ವಿಕಿರಣಶೀಲ ಇಂಗಾಲವನ್ನು ಹೊತ್ತ ದ್ರವ್ಯವೊಂದರ ಸಹಾಯದಿಂದ ಪೆಟ್ ಯಂತ್ರದಲ್ಲಿ ಈ ಸಂಚಯವನ್ನು ಜೀವಂತ ಮಿದುಳಿನಲ್ಲಿಯೇ ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ವರ್ಗೀಕರಣವನ್ನು ಒರೆಗೆ ಹಚ್ಚುವುದು ಸಾಧ್ಯವಾಯಿತು.

ವೋಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವು ಈ ದಿಸೆಯಲ್ಲಿ ಗಮನಾರ್ಹವಾದುದು. ಪರೀಕ್ಷಿಸಿದ 26 ಮಂದಿಯಲ್ಲಿ 14 ಮಂದಿಗೆ ಅಮಿಲಾಯ್ಡ್ ಹೆಚ್ಚಾಗಿದ್ದಿತು. ಸ್ಮೃತೀತರವೂ ಸೇರಿದಂತೆ ಎಲ್ಲ ಪ್ರಭೇದಗಳಲ್ಲಿಯೂ ಅದು ಕಂಡುಬಂದಿತು. ಮುಂದೆ ಅನುಸರಿಸಿ ನೋಡಿದವರಲ್ಲಿ, ಸಂಚಯವಿದ್ದ 13 ಮಂದಿಯ ಪೈಕಿ ಐವರು ಆಲ್ಜೈಮರ್ ರೋಗಕ್ಕೆ ತುತ್ತಾದರು. ಸಂಚಯವಿಲ್ಲದ 10 ಮಂದಿಯಲ್ಲಿ ಒಬ್ಬರೂ ಆಗಲಿಲ್ಲ. ಹೊರಲಕ್ಷಣದಿಂದ ಒಳಗಿನ ಕಾರಣವನ್ನು ನಿಶ್ಚಯಿಸಲಾಗದೆಂಬುದನ್ನು ಇದು ಸ್ಪಷ್ಟಪಡಿಸಿತು. ಆದರೆ ಇದರ ಕೊರತೆಯೂ ಸಣ್ಣದಲ್ಲ. ಸ್ಮೃತೀತರ ವರ್ಗದಲ್ಲಿದ್ದವರು ಏಳು ಮಂದಿ ಮಾತ್ರ. ಅಷ್ಟರಿಂದ ಆ ವರ್ಗದ ಪ್ರಮಾಣವನ್ನು ಹೇಳುವುದು ಹನಿಯಿಂದ ಕೆರೆಯ ಆಳವನ್ನು ಅಳೆದಂತಾಗುವುದು.

ಎರಡನೆಯದಾಗಿ, ಸಂಚಯವಿದ್ದ ಮಾತ್ರಕ್ಕೆ ಅದೇ ಕುಂದಿಗೆ ಕಾರಣವೆನ್ನುವುದು ತರ್ಕಸಮ್ಮತವಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯಂತೆ, ಅರಿವು ಸ್ವಸ್ಥವಾಗಿರುವವರಲ್ಲಿಯೇ ಅಮಿಲಾಯ್ಡ್ ಇರುವವರ ಪ್ರಮಾಣವು 50ನೆಯ ವಯಸ್ಸಿಗೆ ನೂರಕ್ಕೆ 10, 90ಕ್ಕೆ ನೂರಕ್ಕೆ 44. ಅಲ್ಪಕುಂದಿನವರಲ್ಲಿ ಅದೇ ವಯಸ್ಸುಗಳಿಗೆ ಅದು ಕ್ರಮವಾಗಿ 27 ಮತ್ತು 71. ಅಂತರವೇನೋ ನಿಜ. ಆದರೆ ಮುಪ್ಪು ಹೆಚ್ಚಿದಂತೆ ಸಂಚಯವು ಕೇವಲ ಸಹವಾಸಿಯಾಗಿರುವ ಸಂಭವವೂ ಹೆಚ್ಚುವುದು. ತೊಂಬತ್ತರ ವೃದ್ಧನಲ್ಲಿ ದೊರೆತ ಸಾಕ್ಷ್ಯಕ್ಕೂ ಐವತ್ತೈದರವನಲ್ಲಿ ದೊರೆತುದಕ್ಕೂ ಒಂದೇ ತೂಕವನ್ನು ಕೊಡಲಾಗದು.

ಇದು ಹೆಸರುಗಳ ಜಗಳವಷ್ಟೇ ಅಲ್ಲ. 2023ರಲ್ಲಿ ಅಮೆರಿಕವು ಪೂರ್ಣ ಅನುಮತಿಯಿತ್ತ ಲೆಕಾನೆಮಾಬ್ ಔಷಧವು, ಅಮಿಲಾಯ್ಡ್ ಇದೆಯೆಂದು ದೃಢಪಟ್ಟ ಅಲ್ಪಕುಂದಿನವರಿಗೂ ಆರಂಭದ ರೋಗಿಗಳಿಗೂ ಮೀಸಲಾದುದು. ಅದು ರೋಗದ ನಡೆಯನ್ನು ತುಸು ನಿಧಾನಗೊಳಿಸುವುದು, ನಿಲ್ಲಿಸದು. ಮಿದುಳಿನ ಬಾವು, ರಕ್ತಸ್ರಾವಗಳ ಅಪಾಯವೂ ಅದಕ್ಕುಂಟು. 2024ರಲ್ಲಿ ಅಮೆರಿಕದ ಆಲ್ಜೈಮರ್ ಸಂಘದ ಕಾರ್ಯಮಂಡಲಿಯು ರೋಗವನ್ನು ಜೈವಿಕ ಚಿಹ್ನೆಗಳಿಂದಲೇ ನಿರ್ಣಯಿಸಬಹುದೆಂದಿತು. ಅದೇ ವರ್ಷ ಅಂತಾರಾಷ್ಟ್ರೀಯ ಕಾರ್ಯಮಂಡಲಿಯೊಂದು, ಲಕ್ಷಣವಿಲ್ಲದವರನ್ನು ರೋಗಿಗಳೆನ್ನದೆ ಅಪಾಯಕ್ಕೊಳಗಾದವರೆಂದೇ ಕರೆಯಬೇಕೆಂದು ವಾದಿಸಿತು.

ಎರಡನೆಯ ಪಕ್ಷವೇ ಹೆಚ್ಚು ಯುಕ್ತವೆಂದು ತೋರುವುದು. ಸ್ಮೃತೀತರವೆಂಬ ಹೆಸರಿನಿಂದಲೇ ಒಬ್ಬನಿಗೆ ಪರೀಕ್ಷೆಯನ್ನು ನಿರಾಕರಿಸುವುದು ಅನ್ಯಾಯ. ಚಿತ್ರದಲ್ಲಿ ಕಂಡ ಗಸಿಯೊಂದರಿಂದಲೇ ಸ್ವಸ್ಥನಿಗೆ ರೋಗಿಯೆಂಬ ಮುದ್ರೆಯೊತ್ತುವುದೂ ಅನ್ಯಾಯ. ಲಕ್ಷಣ, ವಯಸ್ಸು, ಸಂಚಯ ಈ ಮೂರನ್ನೂ ಕೂಡಿಸಿ ತೂಗಿದಾಗಲೇ ಪ್ರಭೇದದ ಹೆಸರಿಗೆ ಅರ್ಥ ಬರುವುದು.