ಪೊಟ್ಟಲಕೆರೆಯ ಫಲಕದಲ್ಲಿ ಏನಿರಬೇಕು?

ಪಟಾನ್‌ಚೆರು ಎಂದರೆ ನಮಗೆ ಕಾರ್ಖಾನೆಗಳು, ಹೊರವರ್ತುಲ ರಸ್ತೆ, 1972ರಲ್ಲಿ ಶುರುವಾದ ಇಕ್ರಿಸ್ಯಾಟ್. ವಿದ್ವಾಂಸರು ಈ ಊರನ್ನೇ ಕಲ್ಯಾಣ ಚಾಲುಕ್ಯರ ಪೊಟ್ಟಲಕೆರೆ ಎಂದು ಗುರುತಿಸುತ್ತಾರೆ. 11ನೇ ಶತಮಾನದಲ್ಲಿ ಇದು ಇಮ್ಮಡಿ ಜಯಸಿಂಹನ ನೆಲೆವೀಡು. ನಮ್ಮ ‘ಕೆರೆ’ಯ ಜಾಗದಲ್ಲಿ ಈಗ ತೆಲುಗಿನ ‘ಚೆರುವು’ ಇದೆ. ‘ಇದು ಕನ್ನಡ ಅರಸರ ರಾಜಧಾನಿ’ ಎಂದು ಇಲ್ಲೊಂದು ಫಲಕ ನೆಟ್ಟರೆ ಸಾಕು ಎಂದು ವಲಸೆ ಬಂದ ನಮಗೆ ಅನಿಸುವುದು ಸಹಜ. ನನಗೆ ಅಷ್ಟು ಸಾಲದು.

ವೀರಶೈವ ಪುರಾಣಗಳ ಪೊಟ್ಟಲಕೆರೆಯಲ್ಲಿ ರಾಣಿ ಸುಗ್ಗಲೆಯ ಗುರು ದೇವರ ದಾಸಿಮಯ್ಯ ಜೈನರನ್ನು ವಾದದಲ್ಲೂ ಪವಾಡದಲ್ಲೂ ಸೋಲಿಸುತ್ತಾನೆ. ಸೋತವರ ಮುಂದಿನ ಬದುಕು ಕಥೆಗೆ ಬೇಕಿಲ್ಲ. ಆದರೆ ಇದೇ ಊರಿನಲ್ಲಿ ಸಿಕ್ಕು, ಈಗ ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್ ಮ್ಯೂಸಿಯಮ್ಮಿನಲ್ಲಿರುವ ತೀರ್ಥಂಕರ ಶಿಲ್ಪಗಳನ್ನು 12ನೇ ಶತಮಾನದವು ಎನ್ನುತ್ತಾರೆ. ಅಂದರೆ ಜಯಸಿಂಹ ತೀರಿಕೊಂಡ ಮೇಲೂ ಇಲ್ಲಿ ಜಿನಬಿಂಬ ಕಡೆಸುವವರಿದ್ದರು, ಪೂಜಿಸುವವರಿದ್ದರು.

ಪುರಾಣವನ್ನು ಎಸೆಯಬೇಕಿಲ್ಲ. ಶತಮಾನಗಳ ನಂತರ ಬರೆದ ಅದು ಗೆದ್ದವರು ತಮ್ಮನ್ನು ಹೇಗೆ ನೆನೆದರು ಎಂಬುದಕ್ಕೆ ಸಾಕ್ಷಿ, ಊರಿನ ಚರಿತ್ರೆಗಲ್ಲ. ನಮ್ಮ ಅಭಿಮಾನದ ಫಲಕವೂ ಅದೇ ತಪ್ಪು ಮಾಡಬಾರದು. ರಾಜನಿಗೆ ಒಂದು ಸಾಲು ಇರಲಿ. ಸೋತೂ ಊರು ಬಿಡದವರಿಗೆ ಇನ್ನೊಂದು ಸಾಲು. ಎರಡನ್ನೂ ತೆಲುಗಿನಲ್ಲೂ ಬರೆಯೋಣ, ಇದು ಈಗ ಅವರ ಊರು.